ಗಿಡ್ಡ ದೋಣಿಯವಳು

ರಜೆಗೆಂದು ಮೂವರೂ ನದಿಗಿಳಿದಿದ್ದರು. ಅಕ್ಕ, ಭಾವ ಉದ್ದನೆಯ ದೋಣಿ ಹಿಡಿದರು. ತಂಗಿಯ ಪಾಲಿಗೆ ಗಿಡ್ಡದು ಉಳಿಯಿತು. ಹುಟ್ಟು ಹಾಕಿದಾಗಲೆಲ್ಲ ಅದು ಮೂತಿಯನ್ನು ಆಚೀಚೆ ತಿರುಗಿಸುತ್ತಿತ್ತೇ ಹೊರತು ಮುಂದೆ ಹೋಗುತ್ತಿರಲಿಲ್ಲ. ಅವರು ಮುಂದೆ ಹೋಗಿ ದಡದಲ್ಲಿ ಕಾಲು ಚಾಚಿ ಕಾಯುವರು; ಇವಳು ಏದುಸಿರು ಬಿಡುತ್ತ ಮುಟ್ಟಿದೊಡನೆ ಎದ್ದು ಹೊರಡುವರು. ಬೆಳಗಿನಿಂದ ಇವಳಿಗೆ ಒಂದು ಗುಟುಕು ನೀರು ಕುಡಿಯುವಷ್ಟೂ ಪುರಸೊತ್ತು ಸಿಕ್ಕಿರಲಿಲ್ಲ.

ಮಧ್ಯಾಹ್ನ ದಡ ಸೇರಿದಾಗ ತಂಗಿ, "ಅಕ್ಕಾ, ದೋಣಿ ಬದಲಾಯಿಸ್ಕೊಳ್ಳೋಣ. ಇದು ಓಡ್ತಾನೇ ಇಲ್ಲ" ಎಂದಳು.

ಅಕ್ಕ ಬಟ್ಟೆ ಕೊಡವಿಕೊಂಡು ಎದ್ದಳು. "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಳಂತೆ. ನಡಿ ಮಹಾರಾಣಿ, ಹೊತ್ತಾಯ್ತು."

ತಂಗಿಯ ಅಂಗೈಯ ಬೊಬ್ಬೆಗಳು ಒಡೆದು ರಕ್ತ ಜಿನುಗುತ್ತಿತ್ತು. ಅವಳು ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಬೀಸಿದಳು. ಅಕ್ಕನ ಹೆಗಲ ಮೂಳೆ ಲಟಕ್ಕೆಂದಿತು. ಬಿದ್ದವಳ ಬೆನ್ನಿಗೆ ಇನ್ನೊಂದೇಟು ಬಿತ್ತು. ತಡೆಯಲು ಬಂದ ಭಾವನ ಮೂಗಿನಿಂದ ರಕ್ತ ಚಿಮ್ಮಿತು. ಹುಟ್ಟು ಮುರಿದ ಮೇಲೆಯೇ ಅವಳು ನಿಂತದ್ದು.

ಆಸ್ಪತ್ರೆಗೆ ನದಿಯಲ್ಲದೆ ಬೇರೆ ದಾರಿಯಿರಲಿಲ್ಲ. ಅಕ್ಕನನ್ನು ಉದ್ದ ದೋಣಿಯಲ್ಲಿ ಮಲಗಿಸಿ, ಆ ದೋಣಿಯ ಹುಟ್ಟುಗಳನ್ನು ಹಿಡಿದು ತಂಗಿ ಮುಂದೆ, ಭಾವ ಹಿಂದೆ ಕೂತರು. ಮೂವರ ಭಾರ ಹೊತ್ತೂ ದೋಣಿ ನೀರು ಸೀಳಿಕೊಂಡು ಸರಾಗವಾಗಿ ಸಾಗಿತು. ಅದನ್ನು ಕಂಡು ತಂಗಿಗೆ ಮತ್ತೆ ಸಿಟ್ಟು ಬಂತು, ಜೊತೆಗೇ ಅಳುವೂ ಬಂತು.

"ನಿಧಾನ ಕಣೇ, ಅಲುಗಾಡಿದ್ರೆ ಜೀವ ಹೋಗುತ್ತೆ" ಎಂದು ಅಕ್ಕ ನರಳಿದಳು.

"ಸುಮ್ನೆ ಮಲಕ್ಕೋ" ಎಂದಳು ತಂಗಿ, ಕೈ ನಿಲ್ಲಿಸದೆ.