ಮೆಟ್ಟಿಲ ಮೇಲಿನ ಶಿಳ್ಳೆ

ಮಗಳು ಆಟಗಳಿಗೆ ಸಂಗೀತ ಮಾಡುತ್ತಾಳೆ ಎಂದು ಅಮ್ಮ ಹೇಳಿದಾಗಲೆಲ್ಲ ಜನ ಮೈದಾನದ ಆಟ ಎಂದುಕೊಳ್ಳುತ್ತಿದ್ದರು. "ಆಟ ಶುರುವಾಗೋ ಮುಂಚೆ ಬ್ಯಾಂಡ್ ಬಾರಿಸ್ತಾರಲ್ಲ, ಅದಾ?" ಎಂದು ಪಕ್ಕದ ಮನೆಯಾಕೆ ಕೇಳಿದ್ದಳು. "ಅಲ್ಲ ಕಣ್ರೀ, ಟಿವಿ ಒಳಗಿನ ಆಟ. ಒಂದು ಕತ್ತೆ ಬೆಟ್ಟ ಹತ್ತತ್ತೆ, ಇವಳು ಅದಕ್ಕೆ ಸಂಗೀತ ಹಾಕ್ತಾಳೆ" ಎಂದು ವಿವರಿಸಿ ಒಳಗೆ ಬಂದ ಅಮ್ಮ, "ಅಷ್ಟೆಲ್ಲ ಓದಿಸಿದ್ದು ಕೊನೆಗೂ ಕತ್ತೆ ಕಾಯೋಕೇ ಆಯ್ತು ನೋಡು" ಎಂದು ನಕ್ಕಿದ್ದಳು.

ಮನೆಯಲ್ಲಿ ಅವಳಿಗೆ ಜೀರುಂಡೆ ಎಂದೇ ಹೆಸರು. ಚಿಕ್ಕಂದಿನಿಂದಲೂ ಮಾತು ಕಡಿಮೆ, ಗುನುಗು ಜಾಸ್ತಿ. ಹಾಗೆ ಕರೆಯಲು ಶುರುಮಾಡಿದವರು ಅಪ್ಪ. ಅವರು ಮುದ್ರಣಾಲಯದಲ್ಲಿ ಯಂತ್ರ ನಡೆಸುತ್ತಿದ್ದವರು. ಇಡೀ ದಿನ ಆ ಧಡಧಡ ಸದ್ದಿನ ಪಕ್ಕದಲ್ಲಿ ನಿಂತು, ಸಂಜೆ ಶಾಯಿ ಮೆತ್ತಿದ ಕೈಯಲ್ಲಿ ಊಟದ ಡಬ್ಬಿ ತೂಗಾಡಿಸುತ್ತ ಮನೆಯ ಮೆಟ್ಟಿಲು ಹತ್ತುವಾಗ ಶಿಳ್ಳೆ ಹಾಕುತ್ತಿದ್ದರು. ಅದು ಯಾವ ಹಾಡೂ ಅಲ್ಲ, ಅವರದೇ ಒಂದು ಧಾಟಿ. ಮೆಟ್ಟಿಲು ತಿರುಗುವ ಕಡೆ ಉಸಿರು ಸಾಲದೆ ನಿಲ್ಲುತ್ತಿದ್ದರು. ಧಾಟಿಯೂ ಅಲ್ಲೇ ಅರ್ಧಕ್ಕೆ ನೇತಾಡಿಕೊಂಡಿರುತ್ತಿತ್ತು. ಆ ಸದ್ದಿಲ್ಲದ ಗಳಿಗೆಯಲ್ಲಿ ಜೀರುಂಡೆ ಓಡಿಹೋಗಿ ಅಗುಳಿ ತೆಗೆಯಬೇಕು. ಉಳಿದರ್ಧ ಬಾಗಿಲಲ್ಲಿ ಮುಗಿಯುತ್ತಿತ್ತು.

ದೊಡ್ಡವಳಾಗಿ ಅವಳು ಸಂಗೀತವನ್ನೇ ಕಸುಬಾಗಿ ಹಿಡಿದಾಗ ಅಪ್ಪ ಬೇಡವೆನ್ನಲಿಲ್ಲ. ಗೆಳೆಯರ ಕಿರುಚಿತ್ರಗಳಾದ ಮೇಲೆ ಒಂದು ಪೂರ್ತಿ ಸಿನಿಮಾವೇ ಸಿಕ್ಕಿತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ಮುಂದಿನ ಸಾಲಲ್ಲಿ ಕೂತರು. ತೆರೆಯ ಮೇಲೆ ಅವಳ ಪಿಟೀಲು ಏಳುವ ಹೊತ್ತಿಗೆ ಸರಿಯಾಗಿ ನಾಯಕನಿಗೆ ಮಾತು ಬಂದುಬಿಡುತ್ತಿತ್ತು. ಹೊರಗೆ ಬಂದ ಅಪ್ಪ ಸಿಡಿಮಿಡಿಗೊಂಡಿದ್ದರು. "ಅವನೊಬ್ಬ ಬಾಯಿ ಮುಚ್ಕೊಂಡಿದ್ದಿದ್ರೆ ನಿನ್ನ ಸಂಗೀತ ನೆಟ್ಟಗೆ ಕೇಳ್ತಿತ್ತು ಕಣೇ. ವಟವಟ ಅಂತ ಏನು ಮಾತು ಅವಂದು!"

ಅವಳು ನಕ್ಕಳು. ಆದರೆ ಅಪ್ಪ ಕೇಳುವಂಥದ್ದೊಂದನ್ನು, ಯಾರ ಮಾತೂ ಅಡ್ಡ ಬಾರದಂಥದ್ದೊಂದನ್ನು ಮಾಡಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಅದಾದ ಮೇಲೆ ಸಿಕ್ಕಿದ್ದು ಕತ್ತೆಯ ಆಟ. ನೀರಲ್ಲಿ ಮುಳುಗಿದ ಊರಿನಿಂದ ಒಂದು ಮುದಿ ಕತ್ತೆಯನ್ನು ಬೆಟ್ಟದ ತುದಿಗೆ ಮುಟ್ಟಿಸಬೇಕು, ಅಷ್ಟೇ ಆಟ. ಸಿನಿಮಾದಲ್ಲಾದರೆ ಸಂಗೀತಕ್ಕೆ ಇಷ್ಟೇ ಹೊತ್ತು ಎಂಬ ಅಳತೆಯಿರುತ್ತದೆ. ಇಲ್ಲಿ ಆಡುವವನು ಕೆಸರಲ್ಲಿ ಸಿಕ್ಕಿಕೊಂಡರೆ ಕೆಸರಿನ ಸಂಗೀತ ಸುತ್ತಿ ಸುತ್ತಿ ಬರುತ್ತಲೇ ಇರಬೇಕು, ಎಲ್ಲಿ ಮುಗಿದು ಎಲ್ಲಿ ಶುರುವಾಯಿತೆಂದು ಕಿವಿಗೆ ಗೊತ್ತಾಗಬಾರದು. ಆ ಹೊಲಿಗೆ ಕಾಣದ ಹಾಗೆ ಹೊಲಿಯುವುದೇ ಅವಳ ಕೆಲಸ. ಬೆಟ್ಟದ ತುದಿಗೆ ಅವಳು ಅಪ್ಪನ ಶಿಳ್ಳೆಯನ್ನಿಟ್ಟಳು. ಸಣ್ಣ ಕೊಳಲಲ್ಲಿ, ಎತ್ತರದ ಸ್ವರದಲ್ಲಿ, ನೂಲೆಳೆಯಷ್ಟು ತೆಳ್ಳಗೆ. ಮೆಟ್ಟಿಲ ತಿರುವಿನಲ್ಲಿ ಉಸಿರಿಗೆ ನಿಲ್ಲುವ ಆ ಜಾಗವನ್ನೂ ಬಿಡಲಿಲ್ಲ.

ಆಟದ ನಿರ್ದೇಶಕಿ ಅದನ್ನು ಇನ್ನೊಮ್ಮೆ ಹಾಕಿಸಿ ಕೇಳಿದಳು. ಆಮೇಲೆ, "ಗಾಳಿ ಸದ್ದು ತೆಗಿ. ಗೊರಸಿನ ಸದ್ದೂ ಬೇಡ. ಇಲ್ಲಿ ಇದೊಂದೇ ಇರ್ಲಿ" ಎಂದಳು. ಇದಕ್ಕಿಂತ ದೊಡ್ಡ ಮರ್ಯಾದೆ ಜೀರುಂಡೆಗೆ ಯಾರೂ ಮಾಡಿರಲಿಲ್ಲ.

ಅಪ್ಪ ಅಷ್ಟರಲ್ಲಿ ನಿವೃತ್ತರಾಗಿದ್ದರು. ಹೊತ್ತು ಹೋಗದೆ ಅವಳ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಜೀರುಂಡೆ, ಒಂಚೂರು ಕೇಳಿಸೇ."

"ಈಗ ಬೇಡಪ್ಪ. ಇನ್ನೂ ಹಸಿಬಿಸಿ ಇದೆ."

ಒಮ್ಮೆ ಅವಳು ನೀರು ಕುಡಿಯಲು ಹೋಗಿ ಬರುವಷ್ಟರಲ್ಲಿ ಅವರು ಅವಳ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಏರಿಸಿಕೊಂಡಿದ್ದರು. ಎದುರಿಗೆ ತೆರೆದಿದ್ದದ್ದು ಅದೇ, ತುದಿಯ ಸಂಗೀತ. ಅವಳು ಓಡಿಬಂದು ಹೆಡ್‌ಫೋನನ್ನು ಕಿತ್ತುಕೊಂಡಳು. "ಅಪ್ಪಾ! ನೀನೇ ಆಡಿ ಅಲ್ಲಿಗೆ ಹೋಗಿ ಕೇಳ್ಬೇಕು. ಬೆಟ್ಟ ಹತ್ತಿ ಸುಸ್ತಾದ್ಮೇಲೆ ಕೇಳಿದ್ರೇನೇ ಅದು."

"ಆಯ್ತಮ್ಮ ತಾಯಿ, ಹತ್ತೋಣ" ಎಂದು ಅಪ್ಪ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಎರಡೂ ಕೈ ಎತ್ತಿಕೊಂಡು ಎದ್ದರು. ಆ ಕೈಗಳು ಆಮೇಲೆ ಅವಳಿಗೆ ಎಷ್ಟೋ ಸಲ ನೆನಪಾದವು. ಅವತ್ತಿಗೆ ಅವರಿಗೆ ಇನ್ನೂ ಕೇಳಿಸುತ್ತಿತ್ತೇನೋ.

ಆಟ ಹೊರಬರುವುದು ಒಂದಲ್ಲ ಒಂದು ಕಾರಣಕ್ಕೆ ಮುಂದೆ ಹೋಗುತ್ತಲೇ ಇತ್ತು. ಆ ನಡುವೆ ಮನೆಯಲ್ಲಿ ಟಿವಿಯ ಸದ್ದು ಮೆಲ್ಲಗೆ ಏರುತ್ತ ಬಂತು. ಬಾಗಿಲ ಗಂಟೆ ಬಾರಿಸಿದರೆ ಅಪ್ಪ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. "ನಿಮ್ಮಪ್ಪಂಗೆ ಬೇಕಾದ್ದು ಮಾತ್ರ ಕೇಳ್ಸತ್ತೆ ಬಿಡು" ಎಂದು ಅಮ್ಮ ಗೊಣಗಿದರೆ ಮಗಳೂ ನಗುತ್ತಿದ್ದಳು. ಅಪ್ಪ ಶಿಳ್ಳೆ ಹಾಕುವುದನ್ನೇ ಬಿಟ್ಟಿದ್ದರು. ಕೆಲಸಕ್ಕೆ ಹೋಗುವುದು ನಿಂತಿತಲ್ಲ, ಮೆಟ್ಟಿಲು ಹತ್ತುವುದು ಕಡಿಮೆಯಾಯಿತಲ್ಲ ಎಂದುಕೊಂಡಳು. ಕಿವಿಯಿಂದಲೇ ಹೊಟ್ಟೆ ಹೊರೆಯುವವಳು, ಕೊಳಲಿನ ಸ್ವರ ಕೂದಲೆಳೆಯಷ್ಟು ಇಳಿದರೂ ಹಿಡಿದುಬಿಡುವವಳು, ಹೆಡ್‌ಫೋನ್ ಒಳಗೆ ಕೂತು ಪಕ್ಕದ ಕೋಣೆಯಲ್ಲಿ ಆ ಶಿಳ್ಳೆ ನಿಂತುಹೋದದ್ದು ನಿಜಕ್ಕೂ ಯಾಕೆಂದು ಗಮನಿಸಲಿಲ್ಲ.

ಕೊನೆಗೂ ಆಟ ಬಂತು. ಅಪ್ಪ ಟಿವಿಯ ಮುಂದೆ ಪಟ್ಟು ಹಿಡಿದು ಕೂತರು. ಒಂದೇ ಕೈಯಲ್ಲಿ ಯಂತ್ರ ಪಳಗಿಸಿದವರಿಗೆ ಅಂಗೈಯಗಲದ ಆ ಗುಂಡಿಗಳ ಡಬ್ಬಿ ಬಗ್ಗಲಿಲ್ಲ. ಕತ್ತೆ ಮತ್ತೆ ಮತ್ತೆ ಕೆಸರಿಗೆ ಜಾರುತ್ತಿತ್ತು. "ಏ ಮುಠ್ಠಾಳ, ಬಲಕ್ಕೆ ಅಂದ್ರೆ ಬಲಕ್ಕೆ!" ಎಂದು ಅಪ್ಪ ಬೈಯುತ್ತಿದ್ದರು. "ಯಾರು ಯಾರನ್ನ ಬೈತಿದಾರೆ ಅಂತಾನೇ ತಿಳಿಯಲ್ಲ" ಎಂದು ಅಮ್ಮ ಅಡುಗೆಮನೆಯಿಂದ ಹೇಳುತ್ತಿದ್ದಳು.

ಕೆಸರಿನ ಸಂಗೀತ ಅಪ್ಪನಿಗೆ ಬಹಳ ಹಿಡಿಸಿತು. ಅದರಲ್ಲಿದ್ದದ್ದು ದೊಡ್ಡ ನಗಾರಿ. "ಎದೆಗೇ ಬಂದು ಬಡಿಯತ್ತೆ ಕಣೇ, ನಮ್ಮ ಮಷೀನ್ ಇದ್ದಹಾಗೆ." ಅದರ ಮುಂದಿನ ಕಾಡಿನ ದಾರಿಗೆ ಅವಳು ಸಣ್ಣ ಗೆಜ್ಜೆ, ಕೊಳಲುಗಳನ್ನು ಹಾಕಿದ್ದಳು. ಅದರ ಬಗ್ಗೆ ಅಪ್ಪ ಚಕಾರ ಎತ್ತಲಿಲ್ಲ. ಹಿಡಿಸಲಿಲ್ಲವೇನೋ ಎಂದು ಅವಳು ಒಳಗೊಳಗೇ ಮುದುಡಿದಳೇ ಹೊರತು ಕೇಳಲಿಲ್ಲ.

"ಆ ಕೊನೇದನ್ನ ಫೋನಲ್ಲೇ ಕೇಳಿಸಿಬಿಡಬಾರದಾ? ಪಾಪ, ಬೆರಳು ನೋಯ್ತಿದೆ ಅಂತಿದ್ರು" ಎಂದಳು ಅಮ್ಮ.

"ಇಷ್ಟು ಬಂದವರು ಇನ್ನಷ್ಟು ಬರ್ತಾರೆ ಬಿಡಮ್ಮ."

ಬಂದರು. ಒಂದು ಮಧ್ಯಾಹ್ನ ಊಟವಾದ ಮೇಲೆ "ಜೀರುಂಡೆ! ಓಡಿ ಬಾರೇ!" ಎಂಬ ಕೂಗು ಕೇಳಿ ಅವಳು ಬರುವಾಗ ಕತ್ತೆ ಕೊನೆಯ ಬಂಡೆಯನ್ನು ದಾಟುತ್ತಿತ್ತು. ಅಪ್ಪ ಕುರ್ಚಿಯ ಅಂಚಿಗೆ ಸರಿದಿದ್ದರು. ತುದಿ ಬಂತು. ಕತ್ತೆ ನಿಂತಿತು, ಮಂಡಿಯೂರಿತು, ಹುಲ್ಲಿನ ಮೇಲೆ ಮಲಗಿತು. ಗಾಳಿಯಿಲ್ಲ, ಗೊರಸಿಲ್ಲ. ಶಿಳ್ಳೆ ಶುರುವಾಯಿತು.

ಅವಳು ತೆರೆಯನ್ನು ನೋಡಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅಪ್ಪ ಕತ್ತೆಯನ್ನೇ ನೋಡುತ್ತಿದ್ದರು.

"ಭಲೇ" ಎಂದರು, ತುಂಬ ಹೊತ್ತಾದ ಮೇಲೆ. "ಇಲ್ಲಿ ಏನೂ ಹಾಕ್ದೆ ಬಿಟ್ಟೆಯಲ್ಲ, ಅದೇ ಚೆಂದ ಕಣೇ. ಅಷ್ಟು ಹತ್ತಿ ಬಂದಿದೆ ಪಾಪ. ಸುಮ್ನೆ ಮಲಗ್ಲಿ."

ಅಷ್ಟರಲ್ಲಿ ಅಮ್ಮ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಬಂದಳು, ಮುಖವೆಲ್ಲ ಅರಳಿಸಿಕೊಂಡು. "ಏನ್ರೀ ಇದು, ಎಷ್ಟು ವರ್ಷ ಆದ್ಮೇಲೆ ಶಿಳ್ಳೆ! ನಾನೆಲ್ಲೋ ಮೆಟ್ಟಿಲ ಮೇಲೆ ನೀವೇ..." ಎನ್ನುತ್ತಿದ್ದವಳು ಕುರ್ಚಿಯಲ್ಲಿ ಕೂತ ಗಂಡನನ್ನು ನೋಡಿದಳು, ಟಿವಿಯನ್ನು ನೋಡಿದಳು, ಮಗಳನ್ನು ನೋಡಿದಳು.

"ಏನಂದೆ? ಶಿಳ್ಳೆನಾ?" ಅಪ್ಪ ತಿರುಗಿದರು. "ಎಲ್ಲಿ?"

ಅಪ್ಪ ಇಬ್ಬರ ಮುಖವನ್ನೂ ನೋಡಿ, ರಿಮೋಟ್ ತೆಗೆದುಕೊಂಡು ಸದ್ದು ಏರಿಸಿದರು. ಇನ್ನೂ ಏರಿಸಿದರು. ಕಿಟಕಿಯ ಗಾಜು ಸಣ್ಣಗೆ ಅದುರಿತು. ಅವಳಿಗೆ ಕಿವಿ ಮುಚ್ಚಿಕೊಳ್ಳುವಂತಾಯಿತು, ಮುಚ್ಚಿಕೊಳ್ಳಲಿಲ್ಲ. ಅಪ್ಪ ಕತ್ತು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, ದೂರದ ಬೋರ್ಡು ಓದುವವರ ಹಾಗೆ ಕೂತರು.

ಆಮೇಲೆ ಅವರ ಮುಖ ಸಡಿಲವಾಯಿತು. "ಹಾಂ... ಹಾಂ, ಬಂತು ಬಂತು. ನಂದೇ ಅಲ್ವಾ! ಅಯ್ಯೋ ಕಳ್ಳಿ, ಯಾವಾಗ ಕದ್ದೆ ಇದನ್ನ?" ಎಂದು ನಕ್ಕು, ಕಣ್ಣು ಮುಚ್ಚಿ, ತಾಳಕ್ಕೆ ತಕ್ಕಂತೆ ತಲೆದೂಗತೊಡಗಿದರು.

ಅದೇ ಗಳಿಗೆಗೆ ಶಿಳ್ಳೆ ಮೆಟ್ಟಿಲ ತಿರುವಿಗೆ ಬಂದು ಉಸಿರಿಗೆ ನಿಂತಿತು. ಮನೆಯಲ್ಲಿ ಸದ್ದೇ ಇರಲಿಲ್ಲ. ಅಪ್ಪ ತಲೆದೂಗುತ್ತಲೇ ಇದ್ದರು.

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುವವಳಂತೆ ಒಳಗೆ ಹೋದಳು. ಜೀರುಂಡೆ ನಿಂತೇ ಇದ್ದಳು. ಆಡುವವರು ಗುಂಡಿ ಒತ್ತುವವರೆಗೂ ತುದಿಯ ಸಂಗೀತ ನಿಲ್ಲದ ಹಾಗೆ ಹೊಲಿದವಳು ಅವಳೇ. ಅಪ್ಪನಿಗೆ ಅದು ಗೊತ್ತಿಲ್ಲ. ಎಲ್ಲಿಯವರೆಗೆ ತಲೆದೂಗಬೇಕೆಂದು ತಿಳಿಯದೆ ಅವರು ಮೆಲ್ಲನೆ ಒಂದು ಕಣ್ಣು ತೆರೆದು ಅವಳನ್ನು ನೋಡಿದರು.

"ಮುಗೀತಾ?"

ಶಿಳ್ಳೆ ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತತೊಡಗಿತ್ತು.

"ಹೂಂ ಅಪ್ಪ" ಎಂದಳು ಅವಳು, ಅವರಿಗೆ ಕೇಳುವಷ್ಟು ಗಟ್ಟಿಯಾಗಿ. "ಮುಗೀತು."