ಗಡುವಿಲ್ಲದ ನಿಯಮ

ಜಿನಪ್ಪನವರು ಮೊದಲು ಬಿಟ್ಟಿದ್ದು ಬೆಲ್ಲ. ಆಮೇಲೆ ತುಪ್ಪ. ಹಾಲು ಮೊಸರು ಬಿಟ್ಟಾಗಲೂ ಯಾರೂ ಗಾಬರಿಯಾಗಲಿಲ್ಲ. ಜೈನರ ಮನೆಯಲ್ಲಿ ನಿಯಮ ಹಿಡಿದು ಒಂದೊಂದನ್ನೇ ಬಿಡುವುದು ಹೊಸ ಸಂಗತಿಯೇನಲ್ಲ. ಕೊರೋನಾದಲ್ಲಿ ಹೆಂಡತಿ ತೀರಿಕೊಂಡ ಮೇಲೆ ಗಂಡಸು ಧರ್ಮದ ಕಡೆ ತಿರುಗಿದ್ದಾನೆ ಎಂದು ನೆಂಟರೆಲ್ಲ ಫೋನಿನಲ್ಲೇ ಕೈ ಮುಗಿದರು. ಉಪ್ಪನ್ನೂ ಬಿಟ್ಟು ದಿನಕ್ಕೊಂದೇ ಊಟಕ್ಕೆ ಇಳಿದಾಗಲಂತೂ ಹುಂಚದಲ್ಲಿದ್ದ ಅವರ ಅಕ್ಕ ಜ್ವಾಲಾಮಾಲಿನಿಗೆ ಹೆಮ್ಮೆಯೋ ಹೆಮ್ಮೆ.

"ನಮ್ಮ ಜಿನಪ್ಪ ಪುಣ್ಯವಂತ ಕಣೇ. ಈ ಕಾಲ್ದಲ್ಲಿ ಯಾರಿಗೆ ಬರತ್ತೆ ಇಂಥ ಬುದ್ಧಿ? ನೀನು ಮಧ್ಯ ಬಾಯಿ ಹಾಕ್ಬೇಡ" ಎಂದು ಬ್ರಾಹ್ಮಿಗೆ ತಾಕೀತು ಮಾಡಿದರು.

ಬ್ರಾಹ್ಮಿ ಜಿನಪ್ಪನವರ ಒಬ್ಬಳೇ ಮಗಳು. ಕರಾಟೆ ಕಲಿಸುವವಳು. ಬಸ್ಸುಗಳು ಓಡಾಡುತ್ತಿದ್ದ ಕಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಮೂರು ಊರು ಸುತ್ತುತ್ತಿದ್ದಳು. "ನಾವು ಇರುವೆ ಕಂಡ್ರೂ ಪಕ್ಕಕ್ಕೆ ಕಾಲಿಡೋ ಜನ, ಇವಳು ಊರಿಗೆಲ್ಲ ಗುದ್ದೋದು ಕಲಿಸ್ತಾಳೆ" ಎಂದು ಜಿನಪ್ಪನವರು ಹೊಸನಗರ ಪೇಟೆಯ ತಮ್ಮ ಪಾತ್ರೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ನಗಾಡುತ್ತಿದ್ದರು. ಬೈಯುವ ನೆಪದಲ್ಲಿ ಮಗಳನ್ನು ಹೊಗಳಿಕೊಳ್ಳುವುದು ಅವರ ರೀತಿ. ಈಗ ಲಾಕ್‌ಡೌನಿನಲ್ಲಿ ಅಂಗಡಿಯ ಶಟರ್ ಎಳೆದಿತ್ತು. ಅವರ ನಗುವೂ ನಿಂತಿತ್ತು.

ಅಪ್ಪ ಒಂದೊಂದನ್ನೇ ಬಿಡುವುದನ್ನು ನೋಡುತ್ತ ಬ್ರಾಹ್ಮಿಗೆ ಎಲ್ಲೋ ಏನೋ ತಪ್ಪಿದೆ ಅನಿಸತೊಡಗಿತು. ಅಮ್ಮನೂ ಪ್ರತಿ ಮಳೆಗಾಲ ನಿಯಮ ಹಿಡಿಯುತ್ತಿದ್ದಳು. ದೇವರ ಮುಂದೆ ನಿಂತು, ಇಂಥದ್ದನ್ನು ಇಷ್ಟು ದಿನ ಬಿಟ್ಟೆ ಎಂದು ಮನೆಮಂದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ಮುಗಿಯುವ ದಿನ ಹತ್ತಿರ ಬಂದಂತೆ ಅವಳ ಮುಖ ನೋಡಬೇಕಿತ್ತು! ಪಾರಣೆಯ ಬೆಳಿಗ್ಗೆ ಸೂರ್ಯ ಹುಟ್ಟುವುದನ್ನೇ ಕಾದು, ಬೆಲ್ಲದ ಪಾಯಸ ಸುರಿದುಕೊಂಡು ಕುಡಿದು, ಚಿಕ್ಕ ಹುಡುಗಿಯ ಹಾಗೆ ಬೆರಳು ಚೀಪುತ್ತಿದ್ದಳು.

ಒಂದು ಮಧ್ಯಾಹ್ನ ಬ್ರಾಹ್ಮಿ ಅಪ್ಪನನ್ನು ಕೇಳಿಯೇ ಬಿಟ್ಟಳು. "ಎಷ್ಟು ದಿನದ ನಿಯಮ ಅಪ್ಪಾಜಿ ಇದು?"

ಜಿನಪ್ಪನವರು ಹೊದಿಕೆ ಎಳೆದುಕೊಂಡರು. ಗೋಡೆಯ ಕಡೆ ತಿರುಗಿ ಮಲಗಿಕೊಂಡರು.

ಬ್ರಾಹ್ಮಿಗೆ ಆಗ ಹೊಳೆಯಿತು. ಗಡುವಿಲ್ಲ, ದೇವರ ಮುಂದೆ ಹೇಳಿದ್ದಿಲ್ಲ, ಗುರುಗಳನ್ನು ಕೇಳಿದ್ದಿಲ್ಲ. ಇದು ನಿಯಮವೇ ಅಲ್ಲ. ಅಪ್ಪ ಸದ್ದಿಲ್ಲದೆ ಬದುಕಿನಿಂದ ಎದ್ದು ಹೊರಟಿದ್ದಾರೆ, ನೆಂಟರೆಲ್ಲ ಭಕ್ತಿಯಿಂದ ದಾರಿ ಬಿಡುತ್ತಿದ್ದಾರೆ! ಅತ್ತೆಗೆ ಫೋನು ಮಾಡಿ ಹಾಗೆಂದರೆ, "ಹೆತ್ತಪ್ಪನ ವ್ರತಕ್ಕೆ ಕಲ್ಲು ಹಾಕ್ತೀಯಾ?" ಎಂದು ಅವರು ಸಿಡುಕಿದರು. ಡಾಕ್ಟರು ಮಾತ್ರ ನೇರವಾಗಿ ಹೇಳಿದರು. "ಅವರಿಗೆ ಬಂದಿದ್ದ ಕೊರೋನಾ ಹೋಗಿದೆ. ಆದ್ರೆ ಹಿಂಗೇ ಊಟ ಬಿಡ್ತಾ ಹೋದ್ರೆ ಅವರ ಹಾರ್ಟ್ ತಡೆಯಲ್ಲ."

ಬ್ರಾಹ್ಮಿ ಅತ್ತಳು, ಬೈದಳು, ಬಗೆಬಗೆಯಾಗಿ ಬೇಯಿಸಿ ಇಟ್ಟಳು. ಜಿನಪ್ಪನವರು ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳನ್ನು ಇಷ್ಟು ದಿನ ನೆಟ್ಟಗೆ ನಿಲ್ಲಿಸಿದ್ದು ಸಂಜೆಯ ಆನ್‌ಲೈನ್ ಕ್ಲಾಸು. ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲವಾದ್ದರಿಂದ ತಾರಸಿಗೆ ಹೋಗಿ, ನೀರಿನ ಟ್ಯಾಂಕಿಗೆ ಫೋನು ಒರಗಿಸಿ ಕಲಿಸುತ್ತಿದ್ದಳು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಅಮ್ಮ ಹೋದ ಮರುದಿನವೂ ಅಭ್ಯಾಸದ ಹೊತ್ತಿಗೆ ಕಾಲು ತಾನಾಗಿ ಮೆಟ್ಟಿಲು ಹತ್ತಿತ್ತು. ಗುದ್ದಿದಳು, ಒದ್ದಳು, ಪ್ರತಿ ಏಟಿಗೂ ಉಸಿರು ಹೊರಗೆ ಹಾಕಿ ಕೂಗಿದಳು. ಕೆಳಗಿಳಿದಾಗ ಅವಳಿಗೆ ಹಸಿವಾಗಿತ್ತು. ಅಮ್ಮನ ಮುಖವನ್ನೂ ನೋಡಲು ಸಿಗದ ಆ ದಿನ ಹೊಟ್ಟೆ ಹಸಿಯಿತಲ್ಲ ಎಂದು ನಾಚಿಕೆಪಟ್ಟುಕೊಂಡೇ, ಅಳುತ್ತಲೇ, ಎರಡು ಸಲ ಬಡಿಸಿಕೊಂಡು ಉಂಡಿದ್ದಳು. ಆ ಹಸಿವೇ ತನ್ನನ್ನು ಉಳಿಸಿತು ಅಂತ ಅವಳಿಗೆ ಆಮೇಲೆ ಗೊತ್ತಾಯಿತು. ಅದನ್ನು ಅಪ್ಪನಿಗೆ ದಾಟಿಸುವುದು ಹೇಗೆ ಎನ್ನುವುದೊಂದೇ ತಿಳಿಯದೆ ಒದ್ದಾಡುತ್ತಿದ್ದಳು.

ದಾರಿ ಸಿಕ್ಕಿದ್ದು ತೀರ್ಥಹಳ್ಳಿಯ ಸೌಜನ್ಯಾಳಿಂದ. ಬ್ಯಾಂಕಿನ ಕೆಲಸದವಳು. ತಾನೂ ಕೊರೋನಾ ಮುಗಿಸಿ ಎದ್ದು, ಏದುಸಿರು ಹೋಗಲಿ ಎಂದು ಕ್ಲಾಸಿಗೆ ಸೇರಿದ್ದಳು. "ಗಾಳಿಗೆ ಗುದ್ದಿ ಗುದ್ದಿ ಬೇಜಾರು ಬಂತು ಮೇಡಂ. ಎದುರಿಗೆ ಯಾರನ್ನಾದ್ರೂ ನಿಲ್ಲಿಸ್ಕೊಂಡು ತೋರ್ಸಿ" ಎಂದಳು ಫೋನಿನೊಳಗಿಂದ.

ಬ್ರಾಹ್ಮಿ ದಡದಡ ಕೆಳಗಿಳಿದಳು. "ಅಪ್ಪಾಜಿ, ಸ್ವಲ್ಪ ಹೊತ್ತು ಪ್ಯಾಡ್ ಹಿಡ್ಕೊಳ್ಳಿ ಬನ್ನಿ."

"ಹೊಡೆದಾಟಕ್ಕೆ ನನ್ನ ಕರೀಬೇಡ ಮಗಾ."

"ನೀವು ಯಾರಿಗೂ ಹೊಡೆಯೋದು ಬೇಡ. ನಾನು ಹೊಡೆದಿದ್ದನ್ನ ತಡೆದ್ರೆ ಸಾಕು. ಪಾಪ, ಅವರೆಲ್ಲ ಕಾಯ್ತಾ ಇದ್ದಾರೆ."

ಕಾಯುತ್ತಿದ್ದಾರೆ ಎಂದದ್ದೇ ಕೆಲಸ ಮಾಡಿತು. ಜೀವಮಾನವಿಡೀ ಅಂಗಡಿ ನಡೆಸಿದ ಮನುಷ್ಯನಿಗೆ ಯಾರನ್ನಾದರೂ ಕಾಯಿಸುವುದೆಂದರೆ ಆಗದು. ಗೊಣಗುತ್ತ ಎದ್ದರು, ಗೋಡೆ ಹಿಡಿದು ಮೆಟ್ಟಿಲು ಹತ್ತಿದರು. ದಪ್ಪ ದಿಂಬಿನಂಥ ಪ್ಯಾಡನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಮಗಳ ಏಟಿಗೆ ನಿಂತರು. ಬ್ರಾಹ್ಮಿ ಹೂವು ಮುಟ್ಟಿದ ಹಾಗೆ ಹೊಡೆದಳು.

ದಿನಾ ಬಂದರು. ಹಿಂದಿನ ಕಾಲು ಊರುವುದನ್ನು ಕಲಿತರು. ಒಮ್ಮೆ ಸೌಜನ್ಯಾಳಿಗೆ "ಮೊಣಕೈ ಎತ್ತಬೇಡಮ್ಮ" ಎಂದು ತಾವೇ ತಿದ್ದಿದರು. ಉಸಿರು ಬಿಟ್ಟು ಕೂಗಿ ಎಂದರೆ ಮಾತ್ರ ಬಾಯಿ ಬಿಡಲಿಲ್ಲ. ಊಟವೂ ಹಾಗೇ ಇತ್ತು. ಬ್ರಾಹ್ಮಿ ತಟ್ಟೆ ನೋಡುತ್ತಿದ್ದಳು, ಕಾಲರಿನೊಳಗೆ ಸಣ್ಣಗಾಗುತ್ತಿದ್ದ ಕುತ್ತಿಗೆ ನೋಡುತ್ತಿದ್ದಳು. ಒಳಗೊಳಗೇ ಕುದಿಯುತ್ತಿದ್ದಳು.

ಮಳೆ ಇನ್ನೇನು ಹಿಡಿಯುತ್ತದೆ ಎನ್ನುವಂಥ ಒಂದು ಸಂಜೆ, ಕ್ಲಾಸಿನ ನಡುವೆ ಪ್ಯಾಡು ಸರಿಮಾಡಿಕೊಳ್ಳುತ್ತ ಜಿನಪ್ಪನವರು ಹವಾಮಾನದ ಸುದ್ದಿ ಹೇಳಿದಷ್ಟು ಸಲೀಸಾಗಿ ಅಂದರು, "ನಾಳೆಯಿಂದ ನಂಗೆ ಅನ್ನ ಹಾಕ್ಬೇಡ. ಬರೀ ನೀರು ಸಾಕು. ಅಕ್ಕಂಗೂ ಹೇಳಿದೀನಿ."

ಬ್ರಾಹ್ಮಿಗೆ ಮೈಮೇಲಿನ ಹಿಡಿತ ತಪ್ಪಿತು. ಅಷ್ಟು ವರ್ಷದ ಸಾಧನೆ, ಶಿಸ್ತು ಎಲ್ಲ ಎಲ್ಲಿ ಹೋಯಿತೋ, ಇದ್ದ ಬಲವನ್ನೆಲ್ಲ ಹಾಕಿ ಗುದ್ದಿಬಿಟ್ಟಳು. ಜಿನಪ್ಪನವರು ಟ್ಯಾಂಕಿಗೆ ಬಡಿದು ಕುಸಿದು ಕೂತರು. ಫೋನು ಬೋರಲಾಗಿ ಬಿತ್ತು. ಒಳಗಿನಿಂದ "ಮೇಡಂ, ಮೇಡಂ" ಎಂದು ಸೌಜನ್ಯಾ ಕೂಗುತ್ತಿದ್ದಳು. ಬ್ರಾಹ್ಮಿ ಕರೆ ಕತ್ತರಿಸಿ ಅಪ್ಪನ ಮುಂದೆ ಮಂಡಿಯೂರಿದಳು.

"ಪೆಟ್ಟಾಯ್ತಾ ಅಪ್ಪಾಜಿ?" ಎಂದು ಶುರು ಮಾಡಿದವಳು ತಡೆಯಲಾರದೆ ಕಿರುಚಿದಳು. "ಇದು ವ್ರತ ಅಲ್ಲ! ಅಮ್ಮನ ವ್ರತ ನಾನು ನೋಡಿಲ್ವಾ? ನೀವು ಸಾಯೋಕೆ ಹೊರಟಿದೀರಿ, ಅದಕ್ಕೆ ದೇವರ ಹೆಸರು ಹೇಳ್ತಾ ಇದೀರಿ. ನನ್ನೊಬ್ಬಳನ್ನೇ ಬಿಟ್ಟು ಹೋಗೋಕೆ ನಿಮಗೆ ಮನಸ್ಸಾದ್ರೂ ಹೆಂಗೆ ಬರತ್ತೆ?"

ಜಿನಪ್ಪನವರು ತಲೆ ತಗ್ಗಿಸಿದರು. "ಮನೆಗೆ ಕಾಯಿಲೆ ತಂದವನು ನಾನು" ಎಂದರು. "ಮದುವೆಗೆ ಪಾತ್ರೆ ಬೇಕು ಅಂತ ಬಂದ್ರು, ಇಲ್ಲ ಅನ್ನೋಕಾಗ್ದೆ ಅರ್ಧ ಶಟರ್ ಎತ್ತಿದೆ. ನಾನು ಉಳ್ಕೊಂಡೆ, ಅವಳು ಹೋದ್ಲು. ಹೆಂಗೆ ಮಗಾ ತುತ್ತು ಇಳಿಯತ್ತೆ?"

ಬ್ರಾಹ್ಮಿ ಹತ್ತಿರ ಸರಿದಳು. ಅಪ್ಪನ ಕೈ ಹಿಡಿದುಕೊಂಡಳು.

ಜಿನಪ್ಪನವರು ಆ ಕೈಯನ್ನೇ ಊರಿಕೊಂಡು ಎದ್ದರು. ಪ್ಯಾಡು ಎತ್ತಿಕೊಂಡರು. ಹಿಂದಿನ ಕಾಲು ಊರಿದರು. "ಹೊಡಿ" ಎಂದರು.

"ಬೇಡ ಅಪ್ಪಾಜಿ."

"ಹೊಡಿ ಅಂದೆನಲ್ಲ."

ಅವಳು ಹೊಡೆದಳು. ಈ ಸಲ ಅವರು ಬೀಳಲಿಲ್ಲ. ಇನ್ನೊಂದು ಏಟಿಗೆ ಅವರ ಬಾಯಿಂದ "ಹಾ" ಎಂದು ಉಸಿರು ಹೊರಟಿತು. ಮತ್ತೊಂದಕ್ಕೆ ಅದು ಕೂಗಾಯಿತು. ಹೆಂಡತಿಯನ್ನು ಆಂಬುಲೆನ್ಸಿಗೆ ಹತ್ತಿಸುವಾಗ ಕಾಯಿಲೆ ಹಿಡಿದು ಕಿಟಕಿಯ ಸರಳಿನ ಹಿಂದೆ ನಿಂತಿದ್ದ ಅವರ ಗಂಟಲಲ್ಲೇ ಉಳಿದುಹೋಗಿದ್ದ ಕೂಗು ಈಗ ಬಂತು. ಪಕ್ಕದ ಮನೆಯವರು ಅಂಗಳಕ್ಕೆ ಬಂದು ತಲೆ ಎತ್ತಿ ನೋಡಿದರು. ತಂದೆ ಮಗಳು ಇಬ್ಬರೂ ಅವರನ್ನು ಲೆಕ್ಕಕ್ಕಿಡದೆ, ಕೈ ಸೋಲುವವರೆಗೆ, ಅಳು ಮುಗಿಯುವವರೆಗೆ ನಿಲ್ಲಿಸಲಿಲ್ಲ.

ಬೆವರು ಒರೆಸಿಕೊಂಡು ಕೂತ ಜಿನಪ್ಪನವರು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. ಮುಖದಲ್ಲಿ ಅಪರಾಧ ಮಾಡಿ ಸಿಕ್ಕಿಬಿದ್ದವರ ಗಾಬರಿ. "ಹಸಿವಾಗ್ತಿದೆ" ಎಂದರು.

ಬ್ರಾಹ್ಮಿ ಮೆಟ್ಟಿಲು ಹಾರಿದಳು. ಅನ್ನ, ಸಾರು, ಕೈಗೆ ಸಿಕ್ಕಿದ್ದನ್ನೆಲ್ಲ ತಟ್ಟೆಗೆ ಹಾಕಿಕೊಂಡು ಓಡಿ ಬಂದಳು. ಅಷ್ಟರಲ್ಲಿ ಸೂರ್ಯ ಗುಡ್ಡದ ಹಿಂದೆ ಇಳಿದಿದ್ದ.

ಜಿನಪ್ಪನವರು ಆಕಾಶ ನೋಡಿದರು, ತಟ್ಟೆ ನೋಡಿದರು, ಮೆಲ್ಲಗೆ ಅದನ್ನು ಹಿಂದಕ್ಕೆ ಸರಿಸಿದರು. ಹೊತ್ತು ಮುಳುಗಿದ ಮೇಲೆ ಅವರು ಹುಟ್ಟಿದಾಗಿನಿಂದ ಉಂಡವರಲ್ಲ.

"ಇವತ್ತೊಂದು ದಿನ ಅಪ್ಪಾಜಿ" ಎಂದು ಬ್ರಾಹ್ಮಿ ಅಂಗಲಾಚಿದಳು. ಬೆಳಗಾಗುವುದರೊಳಗೆ ಈ ಹಸಿವು ಸತ್ತುಹೋದರೆ? ಅಪ್ಪನ ಮನಸ್ಸು ಮತ್ತೆ ಗೋಡೆಗೆ ತಿರುಗಿದರೆ?

"ನಿಯಮ ಅಂದ್ರೆ ನಿಯಮ ಮಗಾ" ಎಂದರು ಜಿನಪ್ಪನವರು. ಆಮೇಲೆ ಅವಳ ಮುಖ ನೋಡದೆ ಕೇಳಿದರು, "ಬೆಳಿಗ್ಗೆ ಪಾರಣೆಗೆ ಎಂತ ಮಾಡ್ತೀಯ?"

ಬ್ರಾಹ್ಮಿ ತಟ್ಟೆ ಕೆಳಗಿಟ್ಟಳು.

"ಬೆಲ್ಲ ಇದ್ಯಾ ಮನೇಲಿ?"

"ಇದೆ ಅಪ್ಪಾಜಿ" ಎಂದಳು. "ಅಮ್ಮ ತಂದಿಟ್ಟಿದ್ದೇ ಇದೆ."