ಒಂದೆಲಗದ ಚಟ್ನಿ

ಎಂಟು ದಿನದಿಂದ ಸೊಸೆ ಸಾವಂತ್ರಿ ಒಂದೆಲಗದ ಚಟ್ನಿ ಅರೆದು ನನಗೇ ಮೊದಲು ಬಡಿಸುತ್ತಿದ್ದಳು. ಅಕ್ಕಿಗೇ ತತ್ವಾರವಾದ ಯುದ್ಧದ ದಿನಗಳಲ್ಲಿ, ಭದ್ರಾ ಹೊಳೆಯ ದಂಡೆಗೆ ಹೋಗಿ ಸೊಪ್ಪು ಕಿತ್ತು ತರುವಷ್ಟು ಅಕ್ಕರೆ ಅತ್ತೆಯ ಮೇಲೆ ಯಾಕೆ? ಮಗ ಕಬ್ಬಿಣದ ಕಾರ್ಖಾನೆಗೆ ಹೊರಟ ಮೇಲೆ ಕೇಳಿಯೇಬಿಟ್ಟೆ.

“ಇದಕ್ಕೆ ಏನೇನು ಹಾಕಿದೀಯೇ?”

“ಒಂದೆಲಗ, ಕಾಯಿ, ಹಸಿಮೆಣಸು, ಅಷ್ಟೇ ಅತ್ತೆ. ನೆನಪಿನ ಶಕ್ತಿಗೆ ಒಳ್ಳೇದು.”

“ನನ್ನ ನೆನಪಿಗೆ ಏನಾಗಿದೆ?”

“ಜೋಪಾನ ಮಾಡಿ ಅಂತ ನಿಮ್ಗೆ ಕೊಟ್ಟ ನನ್ನ ಕಾಸಿನ ಸರ ಎಲ್ಲಿಟ್ಟೆ ಅಂತ ಮರ್ತೇಹೋಗಿದೆ ಅಂದ್ರಲ್ಲ.”

ಆ ಸರ ಶಿವಮೊಗ್ಗದಲ್ಲಿ ನನ್ನ ಮಗಳ ಕೊರಳಲ್ಲಿತ್ತು. ಚಟ್ನಿ ಬಲು ರುಚಿಯಾಗಿತ್ತು, ಆದರೂ ತಟ್ಟೆ ಆಚೆ ತಳ್ಳಿದೆ.

“ನಂಗೆ ಸೊಪ್ಪು ಆಗ್ಬರಲ್ಲ ಕಣೇ.”

“ಅದೊಂದು ಈಗ ನೆನಪಾಯ್ತಾ ಅತ್ತೆ?” ಎನ್ನುತ್ತಾ ಅವಳು ಇನ್ನಷ್ಟು ಬಡಿಸಿದಳು.